ಹೇಳುವ ಮುನ್ನ ಕೇಳಿ

ಪುಣೆಯ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ವಾರದ ರಜೆ ಭಾನುವಾರವಲ್ಲ, ಗುರುವಾರ. ಭೋಸರಿ, ಚಿಂಚವಾಡದ ಕಡೆ ದುಡಿಯುವ ನಮ್ಮವರಿಗೆ ಇದು ಗೊತ್ತೇ ಇದೆ. ಊರಿಗೆ ಊರೇ ಭಾನುವಾರ ತಡವಾಗಿ ಏಳುವಾಗ ನಾವು ಡಬ್ಬಿ ಹಿಡಿದು ಹೊರಡುತ್ತೇವೆ. ಗುರುವಾರ ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಕೂತಿರುತ್ತೇವೆ. ಈ ಗುರುವಾರದ ರಜೆಗೂ ನಾನು ಇಲ್ಲಿ ಹೇಳಹೊರಟಿರುವ ವಿಷಯಕ್ಕೂ ಒಂದು ಸಂಬಂಧವಿದೆ. ಅದನ್ನು ನನಗೆ ತಿಳಿಸಿಕೊಟ್ಟವನು ಬೈಲಹೊಂಗಲದ ಕಡೆಯ ಒಬ್ಬ ಹುಡುಗ. ತಿಳಿಸುವ ಹೊತ್ತಿಗೆ ಅವನು ಕೆಲಸ ಬಿಟ್ಟಾಗಿತ್ತು.

ನಾನಾಗ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಮಶೀನ್ ಶಾಪ್ ನೋಡಿಕೊಳ್ಳುತ್ತಿದ್ದೆ. ಕಾರ್ಖಾನೆಯ ಹೆಸರು ಬೇಡ. ಹುಡುಗ ಡಿಪ್ಲೊಮಾ ಮುಗಿಸಿ ಬಂದವನು, ಸಿಎನ್‌ಸಿ ಲೇಥ್ ಮೇಲೆ ಇದ್ದ. ಹಿಂದಿ ಅಷ್ಟಕ್ಕಷ್ಟೆ, ಮರಾಠಿ ಕೇಳಿದರೆ ತಿಳಿಯುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ನಾನು ಧಾರವಾಡದವನು ಎಂದು ಗೊತ್ತಾದ ದಿನ ಅವನ ಮುಖ ನೋಡಬೇಕಿತ್ತು. ಊಟದ ಹೊತ್ತಿಗೆ ಹತ್ತಿರ ಬಂದು, "ನಮ್ಮವರ ಅದೀರಿ ಅಂದಂಗಾತು ಸರ್" ಅಂದಿದ್ದ.

ಅವನ ಮಶೀನಿನಲ್ಲಿ ಒಂದು ಉಕ್ಕಿನ ಬುಷ್ ಆಗುತ್ತಿತ್ತು. 40 ಮಿಲಿಮೀಟರ್ ತೂತು. ಅದರಲ್ಲಿ 25 ಮೈಕ್ರಾನಿನಷ್ಟು ಮಾತ್ರ ಹೆಚ್ಚುಕಡಿಮೆ ನಡೆಯುತ್ತದೆ. ಅಂದರೆ ಮಿಲಿಮೀಟರನ್ನು 40 ಪಾಲು ಮಾಡಿದರೆ ಒಂದು ಪಾಲು, ತಲೆಗೂದಲ ದಪ್ಪಕ್ಕಿಂತ ಕಡಿಮೆ. ಒಂದು ದಿನ ಬೆಳಿಗ್ಗೆ ಬಂದು, "ಸರ್, ಬೋರ್ ಸೈಜ್ ಹಿಂದ್ ಮುಂದ್ ಆಗಾಕತ್ತೈತ್ರಿ, ನನಗ ಅನಸ್ತೈತಿ…" ಎಂದು ಶುರು ಮಾಡಿದ. ನಾನು ನಡೆಯುತ್ತಲೇ ಉತ್ತರ ಕೊಟ್ಟೆ. "ಇನ್ಸರ್ಟ್ ಚೇಂಜ್ ಮಾಡು. ಐದ್ ಪೀಸಿಗೊಮ್ಮೆ ಅಳತಿ ನೋಡು, ಆಫ್‌ಸೆಟ್ ಕೊಡು. ಅಷ್ಟ." ಅವನು "ಹೂಂನ್ರಿ ಸರ್" ಅಂದ. ಇಂಥದ್ದು ಮೂರ್ನಾಲ್ಕು ಸಲ ಆಯಿತು. ಪ್ರತಿ ಸಲವೂ ನನ್ನ ಉತ್ತರ ತಯಾರಿತ್ತು. ಇಪ್ಪತ್ತು ವರ್ಷದ ಅನುಭವ, ಅದೂ ನಮ್ಮ ಹುಡುಗ ಎಂಬ ಅಕ್ಕರೆ. ಅವನ ಮಾತು ಮುಗಿಯುವ ತನಕ ಕಾಯುವ ಅಗತ್ಯವೇ ಕಾಣಲಿಲ್ಲ.

ಒಂದು ಶುಕ್ರವಾರ ಮಾಡಿದ ಮುನ್ನೂರು ಚಿಲ್ಲರೆ ಬುಷ್‌ಗಳು ಗ್ರಾಹಕರ ಕಾರ್ಖಾನೆಯಿಂದ ವಾಪಸು ಬಂದವು. ಅಳತೆ ತಪ್ಪಿದ್ದವು, ಸರಿ ಇದ್ದವು ಎಲ್ಲ ಕಲೆತುಹೋಗಿದ್ದವು. ಎರಡು ದಿನ ಹಗಲು ರಾತ್ರಿ ಕೂತು ಒಂದೊಂದನ್ನೂ ಅಳೆದು ಬೇರೆ ಮಾಡಿದೆವು. ಮೇಲಿನವರಿಗೆ ಒಂದು ಹೆಸರು ಬೇಕಿತ್ತು. ಹುಡುಗನಿಗೆ ಮೆಮೊ ಹೋಯಿತು. ಅದಕ್ಕೆ ಸಹಿ ಹಾಕಿದವನು ನಾನೇ. ತಿಂಗಳೊಳಗೆ ಅವನು ರಾಜೀನಾಮೆ ಕೊಟ್ಟ.

ಹೊರಡುವ ದಿನ ಗೇಟಿನ ಹೊರಗಿನ ಟಪರಿಯಲ್ಲಿ ಚಹಾ ಕುಡಿಯುವಾಗ ಸುಮ್ಮನೆ ಕೇಳಿದೆ, ಅದು ಯಾಕೆ ಹಾಗಾಯಿತು ಅಂತ. ಅವನು ಲೋಟ ನೋಡುತ್ತ ಹೇಳಿದ: "ಶುಕ್ರವಾರ ಮುಂಜಾನಿ ಅಷ್ಟ ಆಗ್ತಿತ್ರಿ ಸರ್. ಗುರುವಾರ ಇಡೀ ದಿನ ಮಶೀನ್ ಬಂದ್ ಇರ್ತೈತಲ್ರಿ, ಥಂಡಿ ಆಗಿರ್ತೈತಿ. ಮೊದಲಿನ ತಾಸು ಸೈಜ್ ಓಡ್ತೈತಿ, ಬಿಸಿ ಆದ ಮ್ಯಾಲ ನಿಲ್ಲತೈತಿ. ಥಂಡಿ ಇದ್ದಾಗ ಕೊಟ್ಟ ಆಫ್‌ಸೆಟ್ ಬಿಸಿ ಆದಾಗ ತಪ್ಪತೈತ್ರಿ. ಅರ್ಧ ತಾಸು ಖಾಲಿ ಓಡಿಸಿ ಕೆಲಸ ಹಚ್ಚಿದ್ರ ಆಗ್ತಿತ್ತು."

ನಾನು ಬೆಪ್ಪಾದೆ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. 100 ಮಿಲಿಮೀಟರ್ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ ಎನ್ನುವುದು ನನಗೆ ಕಾಲೇಜಿನಿಂದಲೇ ಬಾಯಿಪಾಠ. 25 ಮೈಕ್ರಾನಿನ ಕೆಲಸದಲ್ಲಿ ಅದು ಹೆಚ್ಚುಕಡಿಮೆ ಅರ್ಧ. "ಮತ್ತ ಮೊದಲ ಯಾಕ ಹೇಳಲಿಲ್ಲೋ?" ಅಂದೆ.

"ನೀವು ಕೇಳಲಿಲ್ಲಲ್ರಿ ಸರ್. ನಾ ಬಾಯಿ ತಗಿಯೂದ್ರಾಗ ನೀವು ಹೇಳಿ ಮುಗಿಸಿರ್ತಿದ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಇಡೀ ಶಾಪಿನಲ್ಲಿ ಅವನ ಮಾತನ್ನು ಅವನ ಭಾಷೆಯಲ್ಲೇ ಕೇಳಬಲ್ಲ ಮನುಷ್ಯ ನಾನೊಬ್ಬನೇ ಇದ್ದೆ. ನಾನು ನಮ್ಮಿಬ್ಬರ ಕನ್ನಡವನ್ನು ಹೇಳುವುದಕ್ಕೆ ಮಾತ್ರ ಬಳಸಿದ್ದೆ.

ಕೋಚ್ ಎಂಬ ಬಂಡಿ

ಇದಾದ ಕೆಲವು ತಿಂಗಳಿಗೆ ಕಂಪನಿಯವರು ನಮ್ಮನ್ನೆಲ್ಲ ಎರಡು ದಿನದ ತರಬೇತಿಗೆ ಕಳಿಸಿದರು. ವಿಷಯ: ಕೋಚಿಂಗ್. ನನಗೆ ಕೋಚಿಂಗ್ ಎಂದರೆ ಸಿಇಟಿ ಟ್ಯೂಷನ್ ಇಲ್ಲವೇ ಕ್ರಿಕೆಟ್ ಮೈದಾನ ಅಷ್ಟೇ ನೆನಪಿಗೆ ಬರುತ್ತಿತ್ತು. ಅಲ್ಲಿ ಕೇಳಿದ್ದು ಬೇರೆ. ಎದುರಿಗಿನವರಿಗೆ ಉತ್ತರ ಕೊಡುವ ಬದಲು, ಅವರೇ ಉತ್ತರ ಹುಡುಕುವಂತೆ ಪ್ರಶ್ನೆ ಕೇಳುತ್ತ ಜೊತೆಗಿರುವುದು. ಒಂದೇ ಮಾತಿನಲ್ಲಿ ಹೇಳುವುದಾದರೆ ಅಷ್ಟೇ. ಮೊದಲ ದಿನ ಮಧ್ಯಾಹ್ನದವರೆಗೆ ನಾನು ಇದನ್ನು ಹವಾನಿಯಂತ್ರಿತ ಕೋಣೆಯವರ ಮಾತು ಎಂದುಕೊಂಡೆ. ಆಮೇಲೆ ಟಪರಿಯ ಆ ಮಾತು ನೆನಪಾಯಿತು.

ಕೋಚ್ ಎಂಬ ಪದದ ಕಥೆಯೂ ಸ್ವಾರಸ್ಯದ್ದು. ಹಂಗೇರಿಯಲ್ಲಿ ಕೋಚ್ ಎಂಬ ಒಂದು ಊರಿದೆ. ಅಲ್ಲಿನ ಕುಶಲಕರ್ಮಿಗಳು ಮಾಡುತ್ತಿದ್ದ ಕುದುರೆ ಬಂಡಿಗೆ ಊರಿನ ಹೆಸರೇ ಅಂಟಿ ಯುರೋಪಿನ ಭಾಷೆಗಳಿಗೆಲ್ಲ ಹಬ್ಬಿತು. ನಮ್ಮ ರೈಲಿನ ಕೋಚ್ ಕೂಡ ಅದರ ಮೊಮ್ಮಗನೇ. 1830ರ ಸುಮಾರಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆ ದಾಟಿಸುವ ಪಾಠದ ಮೇಷ್ಟ್ರನ್ನು ತಮಾಷೆಗೆ ಕೋಚ್ ಎಂದು ಕರೆಯತೊಡಗಿದರು. ಆಟದ ಮೈದಾನಕ್ಕೆ ಆ ಪದ ಹೋಗಿದ್ದು ಅನಂತರ. ನಾವೆಲ್ಲ ಒಂದಲ್ಲ ಒಂದು ಕೋಚ್ ಹತ್ತಿಯೇ ಊರು ಬಿಟ್ಟು ಬಂದವರು, ಆದ್ದರಿಂದ ಹೋಲಿಕೆ ನಮಗೆ ಬೇಗ ತಿಳಿಯುತ್ತದೆ. ಯಾವ ಊರಿಗೆ ಹೋಗಬೇಕು ಎನ್ನುವುದನ್ನು ಬೋಗಿ ತೀರ್ಮಾನಿಸುವುದಿಲ್ಲ. ಟಿಕೆಟ್ ಪ್ರಯಾಣಿಕನ ಕೈಯಲ್ಲಿರುತ್ತದೆ.

ಇಂದು ಕಚೇರಿಗಳಲ್ಲಿ ಕಾಣುವ ಕೋಚಿಂಗಿನ ಬೇರು ಇರುವುದು ಟೆನಿಸ್ ಅಂಗಳದಲ್ಲಿ. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟಿಮೊಥಿ ಗಾಲ್ವೆ ಎಂಬವರು ಟೆನಿಸ್ ಕಲಿಸುತ್ತಿದ್ದರು. ಮೊಣಕೈ ಹೀಗೆ ಹಿಡಿ, ಮಣಿಕಟ್ಟು ಹಾಗೆ ತಿರುಗಿಸು ಎಂದು ಹೇಳಿದಷ್ಟೂ ಕಲಿಯುವವರು ಬಿಗಿಯಾಗುತ್ತಿದ್ದರು. ಹೇಳುವುದನ್ನು ಕಡಿಮೆ ಮಾಡಿದಾಗ ಆಟ ತಾನೇ ಸುಧಾರಿಸುತ್ತಿತ್ತು. ಆಗ ಅವರು ಒಂದು ಉಪಾಯ ಮಾಡಿದರು. ಚೆಂಡು ನೆಲಕ್ಕೆ ಬಡಿದಾಗ "ಬೌನ್ಸ್" ಎನ್ನಿ, ರ್‍ಯಾಕೆಟ್ಟಿಗೆ ತಾಗಿದಾಗ "ಹಿಟ್" ಎನ್ನಿ, ಅಷ್ಟೇ. ಕಲಿಯುವವರ ಗಮನ ಮೇಷ್ಟ್ರ ಸೂಚನೆಯಿಂದ ಚೆಂಡಿನ ಕಡೆಗೆ ಹೊರಳಿತು, ಹೊಡೆತ ಸರಿಹೋಯಿತು. 1974ರಲ್ಲಿ ಇದನ್ನು ಅವರು ಪುಸ್ತಕವಾಗಿ ಬರೆದರು. ಅವರಿಂದ ಕಲಿತವರಲ್ಲಿ ಇಂಗ್ಲೆಂಡಿನ ಜಾನ್ ವಿಟ್ಮೋರ್ ಒಬ್ಬರು. ಮೊದಲು ಕಾರ್ ರೇಸಿನ ಚಾಲಕರಾಗಿದ್ದವರು. ಅವರೂ ಅವರ ಜೊತೆಗಾರರೂ ಸೇರಿ ಇದನ್ನು ಕಚೇರಿ ಕೆಲಸಕ್ಕೆ ಒಗ್ಗಿಸಿದರು. 1992ರಲ್ಲಿ ಬಂದ ವಿಟ್ಮೋರ್ ಅವರ ಪುಸ್ತಕದಿಂದ "ಗ್ರೋ" ಎಂಬ ನಾಲ್ಕು ಮೆಟ್ಟಿಲಿನ ಕ್ರಮ ಜಗತ್ತಿನಾದ್ಯಂತ ಹೆಸರಾಯಿತು. ಕನ್ನಡದಲ್ಲಿ ಹೇಳುವುದಾದರೆ ಗುರಿ, ಸದ್ಯದ ಸ್ಥಿತಿ, ದಾರಿಗಳು, ಮುಂದಿನ ಹೆಜ್ಜೆ.

ನನಗೆ ಹೆಚ್ಚು ನಾಟಿದ್ದು ಮೈಕ್ ರಾದರ್ ಎಂಬವರು ಟೊಯೊಟಾ ಕಾರ್ಖಾನೆಗಳನ್ನು ಅಧ್ಯಯನ ಮಾಡಿ 2009ರಲ್ಲಿ ಬರೆದ ಪುಸ್ತಕದ ಸಂಗತಿ. ಅದರಲ್ಲಿ ಐದು ಪ್ರಶ್ನೆಗಳಿವೆ. ಮೇಲಿನವರು ಕೆಲಸ ನಡೆಯುವ ಜಾಗಕ್ಕೇ ಹೋಗಿ ಕೆಳಗಿನವರನ್ನು ದಿನವೂ ಇವನ್ನೇ ಕೇಳಬೇಕು. ಎಲ್ಲಿಗೆ ಮುಟ್ಟಬೇಕು? ಈಗ ಎಲ್ಲಿದ್ದೀವಿ? ಅಡ್ಡ ಬಂದಿರುವುದು ಏನೇನು, ಅದರಲ್ಲಿ ಈಗ ಯಾವುದನ್ನು ಕೈಗೆತ್ತಿಕೊಂಡಿದ್ದೀರಿ? ಮುಂದಿನ ಹೆಜ್ಜೆ ಏನು, ಅದರಿಂದ ಏನಾಗಬಹುದು? ಆ ಹೆಜ್ಜೆಯಿಂದ ಏನು ಕಲಿತೆವು ಎಂದು ಯಾವಾಗ ಹೋಗಿ ನೋಡೋಣ? ಐದರಲ್ಲಿ ಒಂದೂ ಉತ್ತರ ಹೇಳುವ ಮಾತಲ್ಲ. ನಮ್ಮ ಶಾಪಿನ ಗೋಡೆಯ ಮೇಲೆ ಕೈಜೆನ್ ಎಂಬ ಜಪಾನಿ ಪದದ ದೊಡ್ಡ ಫಲಕವಿತ್ತು. ಹುಡುಗನಿಗೆ ನಾನು ನಡೆಯುತ್ತಲೇ ಉತ್ತರ ಕೊಡುತ್ತಿದ್ದದ್ದು ಆ ಫಲಕದ ಕೆಳಗೇ.

ಒಂದು ಮಾತುಕತೆ

ಇದು ಕೆಲಸದಲ್ಲಿ ಹೇಗಿರುತ್ತದೆ ಎನ್ನುವುದಕ್ಕೆ ನಾನು ಮೊದಲ ಸಲ ಸ್ವಲ್ಪ ಮಟ್ಟಿಗಾದರೂ ಸರಿಯಾಗಿ ಮಾಡಿದ ಒಂದು ಮಾತುಕತೆ ಹೇಳುತ್ತೇನೆ. ನಮ್ಮಲ್ಲಿ ಒಬ್ಬ ಮರಾಠಿ ಹೆಣ್ಣುಮಗಳು ಸೂಪರ್‌ವೈಸರ್ ಆಗಿ ಬಂದಿದ್ದರು. ಒಂದು ಬೆಳಿಗ್ಗೆ ಬಂದು, "ಸರ್, ರಾತ್ರಿ ಪಾಳಿಯವರು ರಿಪೋರ್ಟ್ ತುಂಬುವುದೇ ಇಲ್ಲ. ಎಷ್ಟು ಸಲ ಹೇಳಿದರೂ ಅಷ್ಟೇ. ಏನು ಮಾಡಲಿ?" ಅಂದರು. ನನ್ನ ನಾಲಗೆ ತುದಿಯಲ್ಲಿ ಉತ್ತರ ಕೂತಿತ್ತು: ಮೆಮೊ ಕೊಡಿ. ಅದನ್ನು ನುಂಗಿಕೊಂಡೆ. ಮಾತು ನಡೆದಿದ್ದು ಹಿಂದಿ, ಮರಾಠಿ ಬೆರೆಸಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವರು ತುಂಬಿದರೆ ನಿಮಗೆ ಏನು ಅನುಕೂಲ?" ಎಂದು ಕೇಳಿದೆ.

"ಬೆಳಿಗ್ಗೆ ಏಳಕ್ಕೆ ಬಂದ ತಕ್ಷಣ ಯಾವ ಮಶೀನ್ ತೊಂದರೆ ಕೊಟ್ಟಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗಬೇಕು."

"ಈಗ ಆ ಕಾಗದದಲ್ಲಿ ಎಷ್ಟು ಕಾಲಂ ಇವೆ?"

"ಹದಿನಾಲ್ಕು."

"ಅದರಲ್ಲಿ ನೀವು ಏಳು ಗಂಟೆಗೆ ಓದುವುದು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂರು. ಹೆಚ್ಚೆಂದರೆ ನಾಲ್ಕು."

"ಯಾರೂ ತುಂಬುವುದಿಲ್ಲವಾ?"

"ಹಾಗೇನಿಲ್ಲ. ಆರು ಮಶೀನಿನಲ್ಲಿ ಎರಡರವರು ತುಂಬುತ್ತಾರೆ."

"ಆ ಎರಡು ಕಡೆ ಏನು ಬೇರೆ ಇದೆ?"

ಅವರು ಮತ್ತೆ ಯೋಚಿಸಿದರು. ಆ ಎರಡು ಮಶೀನುಗಳ ಪಕ್ಕದ ಕಂಬಕ್ಕೆ ರಿಪೋರ್ಟಿನ ಹಲಗೆ ತೂಗು ಹಾಕಿತ್ತು. ಉಳಿದ ನಾಲ್ಕರವರು ಅದಕ್ಕಾಗಿ ಕ್ಯಾಬಿನ್ ತನಕ ನಡೆದು ಬರಬೇಕಿತ್ತು. ಇದನ್ನು ಹೇಳುತ್ತ ಹೇಳುತ್ತ ಅವರ ಮುಖದಲ್ಲೇ ಬದಲಾವಣೆ ಕಂಡಿತು. "ಹಾಗಾದರೆ ಏನೇನು ಮಾಡಬಹುದು?" ಅಂದೆ. ಹಲಗೆ ಎಲ್ಲ ಕಡೆ ಹಾಕಬಹುದು ಅಂದರು. "ಇನ್ನೇನು?" ಕಾಲಂ ಕಡಿಮೆ ಮಾಡಬಹುದು. "ಇನ್ನೇನು?" ಈಗ ಬಹಳ ಹೊತ್ತು ಮೌನ. "ಒಂದು ರಾತ್ರಿ ಅವರ ಜೊತೆ ನಾನೇ ನಿಂತು ನೋಡಬಹುದು."

ಆ ಮೂರನೆಯದು ನನಗೆ ಹೊಳೆದಿರಲಿಲ್ಲ. "ಯಾವಾಗ ಮಾಡುತ್ತೀರಿ, ನನ್ನಿಂದ ಏನು ಬೇಕು?" ಎಂದು ಕೇಳಿ ಮಾತು ಮುಗಿಸಿದೆ. ಎಲ್ಲ ಸೇರಿ ಹತ್ತು ನಿಮಿಷ ಹಿಡಿದಿರಬಹುದು. ಅವರು ರಾತ್ರಿ ಪಾಳಿಗೆ ನಿಂತು ಬಂದು ಹೇಳಿದ್ದೇನೆಂದರೆ, ಒಬ್ಬ ಹಿರಿಯ ಆಪರೇಟರ್ ಕಾಗದ ತುಂಬದಿದ್ದುದಕ್ಕೆ ಕಾರಣ ಸೋಮಾರಿತನವೂ ಅಲ್ಲ, ಹಲಗೆಯೂ ಅಲ್ಲ. ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು, ಅವರಿಗೆ ಇಂಗ್ಲಿಷ್ ಬರೆಯಲು ಬರುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿದ್ದ ಮನುಷ್ಯ, ಹೇಳಿಕೊಳ್ಳಲು ನಾಚಿಕೆ. ನಾಲ್ಕು ಕಾಲಮ್ಮಿನ ಹೊಸ ಕಾಗದ ಮರಾಠಿಯಲ್ಲಿ ಬಂತು. ನಾನು ಹೇಳಲಿದ್ದ ಮೆಮೊ ಹೋಗಿದ್ದರೆ ಅದು ಆ ಹಿರಿಯರ ಹೆಸರಿಗೇ ಹೋಗುತ್ತಿತ್ತು. ನನ್ನ ಸಹಿಯ ಎರಡನೇ ಮೆಮೊ.

ನಾನು ಎಡವಿದ ಕಡೆಗಳು

ಇದನ್ನು ಓದಿ ನಾಳೆಯೇ ಪ್ರಶ್ನೆ ಕೇಳಲು ಹೊರಡುವವರಿಗೆ ನಾನು ಎಡವಿದ ಜಾಗಗಳನ್ನು ತೋರಿಸಿಬಿಡುತ್ತೇನೆ.

ಮೊದಲನೆಯದು, ಪ್ರಶ್ನೆಯ ವೇಷ ತೊಟ್ಟ ಸಲಹೆ. "ಮೆಮೊ ಕೊಟ್ಟು ನೋಡಬಹುದಲ್ಲವಾ?" ಎನ್ನುವುದರ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದ ಮಾತ್ರಕ್ಕೆ ಅದು ಪ್ರಶ್ನೆಯಾಗುವುದಿಲ್ಲ. ಎದುರಿಗಿನವರಿಗೆ ಸಾಹೇಬರಿಗೆ ಯಾವ ಉತ್ತರ ಬೇಕು ಎನ್ನುವುದು ತಕ್ಷಣ ತಿಳಿದುಹೋಗುತ್ತದೆ, ಅದನ್ನೇ ಕೊಡುತ್ತಾರೆ. ಉತ್ತರ ನನಗೆ ಮೊದಲೇ ಗೊತ್ತಿದ್ದರೆ ಅದು ಪ್ರಶ್ನೆಯಲ್ಲ ಎಂದು ನನಗೆ ನಾನೇ ಒಂದು ನಿಯಮ ಮಾಡಿಕೊಂಡಿದ್ದೇನೆ.

ಎರಡನೆಯದು, "ಯಾಕೆ". ಯಾಕೆ ಹೀಗೆ ಮಾಡಿದೆ, ಯಾಕೆ ತಡವಾಯಿತು. ನಮ್ಮಲ್ಲಿ ಯಾಕೆ ಎಂಬ ಪದ ಚಿಕ್ಕಂದಿನಿಂದ ಬೈಗುಳದ ಜೊತೆಯೇ ಕಿವಿಗೆ ಬಿದ್ದಿರುತ್ತದೆ. ಕೇಳಿದ ಕೂಡಲೇ ಮನುಷ್ಯ ತನ್ನನ್ನು ಕಾಪಾಡಿಕೊಳ್ಳಲು ನೋಡುತ್ತಾನೆಯೇ ಹೊರತು ಯೋಚಿಸುವುದಿಲ್ಲ. "ಏನಾಯಿತು?", "ಏನು ಅಡ್ಡ ಬಂತು?" ಎಂದರೆ ಅದೇ ವಿಷಯ ಹೊರಬರುತ್ತದೆ, ನೆಮ್ಮದಿಯಿಂದ ಹೊರಬರುತ್ತದೆ.

ಮೂರನೆಯದು, ಮೌನ ತಾಳಲಾರದಿರುವುದು. ಪ್ರಶ್ನೆ ಕೇಳಿದ ಮೇಲೆ ಎದುರಿಗಿನವರು ಸುಮ್ಮನಾದರೆ ನಮಗೆ ಇರುಸುಮುರುಸು. ತಕ್ಷಣ ಇನ್ನೊಂದು ಪ್ರಶ್ನೆ ಎಸೆಯುತ್ತೇವೆ, ಇಲ್ಲವೇ ಉತ್ತರ ಹೇಳಿಬಿಡುತ್ತೇವೆ. ನಾನು ಈಗ ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಎಂಟಕ್ಕೋ ಒಂಬತ್ತಕ್ಕೋ ಮಾತು ಬರುತ್ತದೆ. ಪರಭಾಷೆಯಲ್ಲಿ ಮಾತಾಡುವವರಿಗೆ ಹದಿನೈದು ಎಣಿಸಬೇಕು. ಅವರು ಮೊದಲು ತಮ್ಮ ಭಾಷೆಯಲ್ಲಿ ಯೋಚಿಸಿ, ಆಮೇಲೆ ನಮ್ಮ ಭಾಷೆಯ ಪದ ಹುಡುಕುತ್ತಿರುತ್ತಾರೆ. ಹೊರನಾಡಿನಲ್ಲಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾವೂ ಹಿಂದಿಯಲ್ಲೋ ತಮಿಳಿನಲ್ಲೋ ಬಾಯಿ ತೆರೆಯುವಷ್ಟರಲ್ಲಿ ಮೀಟಿಂಗ್ ಮುಂದಿನ ವಿಷಯಕ್ಕೆ ಹೋಗಿರುತ್ತದೆ.

ನೇರ ಹೇಳಬೇಕಾದಾಗ ನೇರ ಹೇಳಿ

ತರಬೇತಿಯಿಂದ ಬಂದ ಹೊಸದರಲ್ಲಿ ನಾನು ಎಲ್ಲದಕ್ಕೂ ಪ್ರಶ್ನೆಯನ್ನೇ ಉತ್ತರವಾಗಿ ಕೊಡತೊಡಗಿದ್ದೆ. ಕೆಲಸಕ್ಕೆ ಸೇರಿ ಮೂರು ದಿನವಾದ ಹುಡುಗಿಯೊಬ್ಬಳು ಪಿಎಫ್ ಅರ್ಜಿ ಯಾರಿಗೆ ಕೊಡಬೇಕು ಸರ್ ಎಂದರೆ, "ನಿಮಗೆ ಏನನ್ನಿಸುತ್ತದೆ?" ಅಂದಿದ್ದೆ. ಆಕೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಗೊತ್ತಿಲ್ಲದ ಮಾಹಿತಿ ಕೇಳಿದವರಿಗೆ ಮಾಹಿತಿ ಕೊಡಬೇಕು. ಬಾಯಾರಿ ಬಂದವರಿಗೆ ಬಾವಿ ತೋಡುವುದನ್ನು ಕಲಿಸಲು ಹೊರಟ ಹಾಗಾಗಬಾರದು.

ಅಪಾಯವಿದ್ದಲ್ಲಂತೂ ಕೋಚಿಂಗಿಗೆ ಜಾಗವೇ ಇಲ್ಲ. ಯಾರಾದರೂ ಮಶೀನಿನ ಗಾರ್ಡ್ ತೆಗೆದು ಕೈ ಹಾಕುತ್ತಿದ್ದರೆ ಕೂಗಿ ನಿಲ್ಲಿಸಬೇಕು. ಕಾನೂನಿನ ವಿಷಯ, ಹಣಕಾಸಿನ ನಿಯಮ, ಒಬ್ಬರ ಮಾನಕ್ಕೆ ಸಂಬಂಧಿಸಿದ ದೂರು, ಇಲ್ಲೆಲ್ಲ ಗೊತ್ತಿರುವುದನ್ನು ಸ್ಪಷ್ಟವಾಗಿ ಹೇಳುವುದೇ ಧರ್ಮ. ಹೊಸಬರಿಗೆ ಮೊದಲು ಕೈಹಿಡಿದು ತೋರಿಸಬೇಕು. ಕೆಲಸ ಕೈಗೆ ಹತ್ತಿದ ಮೇಲೆ, ಆ ಕೆಲಸವನ್ನು ನಮಗಿಂತ ಹತ್ತಿರದಿಂದ ನೋಡುತ್ತಿರುವವರು ಅವರೇ ಆದ ಮೇಲೆ, ಕೇಳುವ ಸರದಿ ನಮ್ಮದಾಗುತ್ತದೆ.

ಯಾವಾಗ ಯಾವುದು ಎಂದು ತಿಳಿಯದಿದ್ದರೆ ಒಂದು ಸುಲಭದ ದಾರಿಯಿದೆ. ಅವರನ್ನೇ ಕೇಳಿಬಿಡುವುದು: "ನನಗೆ ಅನ್ನಿಸಿದ್ದು ಹೇಳಲೋ, ಇಬ್ಬರೂ ಕೂಡಿ ಯೋಚಿಸೋಣವೋ, ಇಲ್ಲಾ ನೀವು ಹೇಳುವುದನ್ನು ಸುಮ್ಮನೆ ಕೇಳಲೋ?" ಎಷ್ಟೋ ಸಲ ಜನ ಮೂರನೆಯದನ್ನು ಆರಿಸುತ್ತಾರೆ. ಸಲಹೆ ಬೇಕು ಎಂದರೆ ಖಂಡಿತ ಕೊಡಬೇಕು, ಅನುಭವವನ್ನು ಬಚ್ಚಿಟ್ಟುಕೊಂಡು ಏನು ಮಾಡುವುದು? ಆದರೆ ಕೊಡುವಾಗ, "ನನ್ನ ಕಾಲದಲ್ಲಿ ಹೀಗಾಗಿತ್ತು, ಇದರಲ್ಲಿ ನಿಮಗೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ?" ಎಂದು ಕೊನೆಗೆ ಸೇರಿಸಿದರೆ ತೀರ್ಮಾನ ಅವರ ಕೈಯಲ್ಲೇ ಉಳಿಯುತ್ತದೆ.

ನಮ್ಮ ಅಣ್ಣಂದಿರು, ಅಕ್ಕಂದಿರು

ಈ ಮಾತು ಕಾರ್ಖಾನೆಯ ಗೇಟಿಗೆ ನಿಲ್ಲುವುದಿಲ್ಲ. ಊರು ಬಿಟ್ಟು ಬಂದವರ ಬದುಕಿನಲ್ಲಿ ಸಲಹೆಗೆ ದೊಡ್ಡ ಜಾಗವಿದೆ. ಒಂದು ಕಾಲದಲ್ಲಿ ಮುಂಬಯಿಗೆ ಬಂದಿಳಿದ ಹುಡುಗನಿಗೆ ಯಾವ ಹೋಟೆಲಿನಲ್ಲಿ ಕೆಲಸ ಸಿಗುತ್ತದೆ, ರಾತ್ರಿ ಎಲ್ಲಿ ಮಲಗಬೇಕು, ಯಾವ ಕನ್ನಡ ರಾತ್ರಿಶಾಲೆಗೆ ಸೇರಬೇಕು ಎಂದು ಹೇಳುತ್ತಿದ್ದವನು ಮೊದಲೇ ಬಂದಿದ್ದ ಊರಿನ ಅಣ್ಣ. ಹಗಲು ಲೋಟ ತೊಳೆದು ರಾತ್ರಿ ಓದಿ ಮೇಲೆ ಬಂದವರ ಕಥೆ ನಮ್ಮ ಸಂಘಗಳಲ್ಲಿ ಇಂದಿಗೂ ಕೇಳಸಿಗುತ್ತದೆ. ಆ ಸಲಹೆ ಇಲ್ಲದಿದ್ದರೆ ಎಷ್ಟೋ ಜನ ಮರುದಿನದ ಗಾಡಿಗೇ ವಾಪಸು ಹೋಗುತ್ತಿದ್ದರು. ಸಲಹೆ ಕೊಡುವ ಅಭ್ಯಾಸ ನಮಗೆ ಬಂದಿರುವುದು ಅಲ್ಲಿಂದ. ಅದು ಅಕ್ಕರೆಯ ಅಭ್ಯಾಸ, ಅದನ್ನು ಹಗುರ ಮಾಡಲಾರೆ.

ಆದರೆ ಆಗ ಇಲ್ಲದೇ ಇದ್ದದ್ದು ಮಾಹಿತಿ. ಈಗ ಬರುವ ಹುಡುಗರ ಕೈಯಲ್ಲಿ ಫೋನಿದೆ. ಬಾಡಿಗೆ ಎಷ್ಟು, ಯಾವ ಕಂಪನಿ ಹೇಗೆ, ಯಾವ ಬಸ್ಸು ಎಲ್ಲಿಗೆ ಎನ್ನುವುದು ಅವರಿಗೆ ನಮಗಿಂತ ಬೇಗ ಗೊತ್ತಾಗುತ್ತದೆ. ಅವರಿಗೆ ಸಿಗದೇ ಇರುವುದು, ತಮ್ಮ ಭಾಷೆಯಲ್ಲಿ ಕೊನೆಯ ತನಕ ಹೇಳಿಕೊಳ್ಳಲು ಒಂದು ಕಿವಿ. ಹೈದರಾಬಾದಿನಲ್ಲೋ ಚೆನ್ನೈಯಲ್ಲೋ ದಿಲ್ಲಿಯಲ್ಲೋ, ನಿಮ್ಮ ಕಚೇರಿಯಲ್ಲಿ ಒಬ್ಬ ಕನ್ನಡದ ಕಿರಿಯರಿದ್ದರೆ, ಅವರ ಪಾಲಿಗೆ ನೀವು ಬಹುಶಃ ಅಂಥ ಒಂದೇ ಕಿವಿ. ಸಂಘದ ಕಾರ್ಯಕ್ರಮ ಮುಗಿದ ಮೇಲೆ ತಟ್ಟೆ ಹಿಡಿದು ನಿಂತಾಗ, "ಕೆಲಸ ಬಿಡಬೇಕು ಅಂತಿದೀನಿ ಅಂಕಲ್" ಎಂದು ಯಾರಾದರೂ ಅಂದರೆ, "ಛೇ, ಬಿಡಬೇಡ" ಎನ್ನುವ ಮೊದಲು, "ಹೌದಾ? ಏನು ವಿಷಯ, ಹೇಳು" ಎನ್ನಲು ಹೆಚ್ಚು ಹೊತ್ತು ಬೇಕಿಲ್ಲ. ಮುಂದೆ ಬರುವುದು ಸಂಬಳದ ಮಾತು ಆಗಿರಬಹುದು, ಊರಲ್ಲಿರುವ ತಾಯಿಯ ಆರೋಗ್ಯ ಆಗಿರಬಹುದು, ಮೇಲಧಿಕಾರಿಯ ಕಿರುಕುಳ ಆಗಿರಬಹುದು. ಮೂರಕ್ಕೂ ಒಂದೇ ಸಲಹೆ ಹೊಂದುವುದಿಲ್ಲ.

ನಮ್ಮ ಭಾಷೆಯಲ್ಲಿ ಒಂದು ಅನುಕೂಲವಿದೆ. "ಕೇಳು" ಎಂದರೆ ಪ್ರಶ್ನಿಸು ಎಂದೂ ಹೌದು, ಕಿವಿಗೊಡು ಎಂದೂ ಹೌದು. ಇಂಗ್ಲಿಷಿನವರು ಎರಡು ಪದ ಇಟ್ಟುಕೊಂಡು, ಎರಡನ್ನೂ ಕೂಡಿಸಲು ತರಬೇತಿ ನಡೆಸುತ್ತಾರೆ. ನಾವು ದಿನವೂ ಆಡುವ ಒಂದು ಪದದಲ್ಲಿ ಎರಡೂ ಕೂಡಿಯೇ ಇವೆ. ನಾನು ಅದನ್ನು ಕಲಿಯಲು ಒಬ್ಬ ಹುಡುಗನ ಕೆಲಸ ಹೋಗಬೇಕಾಯಿತು.

ಹೋದ ವರ್ಷ ಅವನ ಫೋನ್ ಬಂತು. ಈಗ ಬೆಳಗಾವಿಯ ಒಂದು ವರ್ಕ್‌ಶಾಪಿನಲ್ಲಿದ್ದಾನೆ. ಮದುವೆಯಾಗಿದೆ, ಒಂದು ಹೆಣ್ಣು ಮಗು. "ಸರ್, ಒಂದ್ ಸಲಹಾ ಬೇಕಾಗಿತ್ರಿ" ಅಂದ. ಒಂದು ಹಳೆಯ ಲೇಥ್ ಮಾರಾಟಕ್ಕಿದೆ, ಸಾಲ ಮಾಡಿ ಕೊಂಡು ಸ್ವಂತ ಕೆಲಸ ಶುರು ಮಾಡಬೇಕೋ ಬೇಡವೋ ಎಂಬ ಪ್ರಶ್ನೆ. ಬೇಡ, ಸಾಲದ ಸುಳಿಗೆ ಬೀಳಬೇಡ ಎಂಬ ಮಾತು ನನ್ನ ಬಾಯಿಗೆ ಬಂದೇ ಬಂತು. ತಡೆದುಕೊಂಡೆ. ಅದಕ್ಕಿಂತ ಮೊದಲು ಹೇಳಬೇಕಾದದ್ದು ಬೇರೆ ಇತ್ತು.

"ಆ ಮೆಮೊ ನಾ ಕೊಡಬಾರದಿತ್ತಪಾ. ತಪ್ಪು ನಂದಿತ್ತು" ಅಂದೆ.

ಆ ಕಡೆಯಿಂದ ಏನೂ ಮಾತಿಲ್ಲ. ಎಣಿಸುವುದನ್ನೂ ಮರೆತು ಕಾದೆ. "ಬಿಡ್ರಿ ಸರ್, ಆಗಿದ್ದಾತು" ಅಂದ ಕೊನೆಗೆ.

"ಆತು. ಈಗ ಮಶೀನಿನ ಸುದ್ದಿ ಹೇಳು. ಮೊದಲ ನಿನಗೇನ್ ಅನಸ್ತೈತಿ ಹೇಳು, ನಾ ಕೇಳ್ತೀನಿ."

ಇಪ್ಪತ್ತು ನಿಮಿಷ ಮಾತಾಡಿದ. ಮಶೀನಿನ ಸ್ಥಿತಿ, ಬ್ಯಾಂಕಿನ ಬಡ್ಡಿ, ಕೆಲಸ ಕೊಡುತ್ತೇವೆ ಎಂದಿರುವ ಇಬ್ಬರು, ಹೆಂಡತಿಯ ಭಯ, ಅಪ್ಪನ ಹೊಲ. ನಾನು ನಡುನಡುವೆ "ಮತ್ತ?" ಅಂದೆ, "ಅದಾಗಲಿಲ್ಲ ಅಂದ್ರ?" ಅಂದೆ, ಅಷ್ಟೇ. ಕೊನೆಗೆ ತಾನೇ ಒಂದು ತೀರ್ಮಾನಕ್ಕೆ ಬಂದ: ಈಗಲೇ ಮಶೀನ್ ಕೊಳ್ಳುವುದಿಲ್ಲ, ಆರು ತಿಂಗಳು ಬೇರೆಯವರ ಮಶೀನ್ ಮೇಲೆ ತಾಸಿನ ಲೆಕ್ಕಕ್ಕೆ ಬಾಡಿಗೆ ಕೊಟ್ಟು ಆ ಇಬ್ಬರ ಕೆಲಸ ಮಾಡಿ ನೋಡುತ್ತಾನೆ, ಕೆಲಸ ನಿಲ್ಲದೆ ಬಂದರೆ ಆಮೇಲೆ ಸಾಲ. ನಾನಾಗಿದ್ದರೆ ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಅವನದು ಅದಕ್ಕಿಂತ ಒಳ್ಳೆಯ ಉತ್ತರ.

ಫೋನ್ ಇಡುವ ಮುಂಚೆ, "ಭಾಳ ಚಲೋ ಸಲಹಾ ಕೊಟ್ರಿ ಸರ್" ಅಂದ.